ಮೂರು ಡಿಸ್ಚಾರ್ಜ್ ಸಮ್ಮರಿ ಅಕ್ಕಪಕ್ಕ ಇಟ್ಟಾಗ

82 ವರ್ಷದ ತಾತ ಒಬ್ಬರು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡದ ಕಾಯಿಲೆ, ಅಂತ ನಮ್ಮ ವಾರ್ಡಿಗೆ ಬಂದಿದ್ದರು. ಐದು ತಿಂಗಳಲ್ಲಿ ಅದು ನಾಲ್ಕನೇ ಸಲ. ಹಿಂದಿನ ಮೂರೂ ಡಿಸ್ಚಾರ್ಜ್ ಸಮ್ಮರಿಗಳನ್ನು ಮಗ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಸಾಮಾನ್ಯವಾಗಿ ನಾನು ಕೊನೆಯದೊಂದನ್ನು ಓದಿ ಮುಂದೆ ಹೋಗುತ್ತಿದ್ದೆ. ಅವತ್ತು ಮೂರನ್ನೂ ಮೇಜಿನ ಮೇಲೆ ಹರಡಿದೆ. ಮೂರರಲ್ಲೂ ಕೊನೆಯ ಸಾಲು ಒಂದೇ: ಸುಧಾರಿಸಿದ ಮೇಲೆ ಮನೆಗೆ ಕಳುಹಿಸಲಾಗಿದೆ. ತೂಕ ಮಾತ್ರ 58, 55, 51 ಕಿಲೋ. ಎರಡಕ್ಕೆ ಸಹಿ ಹಾಕಿದ್ದು ನಾನೇ.

ಈ ಕಾಯಿಲೆಯಲ್ಲಿ ತೂಕ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾಲಲ್ಲಿ ನೀರು ತುಂಬಿದಾಗ ಏರುತ್ತದೆ, ಮೈಯ ಮಾಂಸ ಕರಗುತ್ತಿರುವುದು ಗೊತ್ತೇ ಆಗುವುದಿಲ್ಲ. ಅದಕ್ಕೇ ನೀರು ಇಳಿದು ಮನೆಗೆ ಹೊರಟ ದಿನದ ತೂಕಗಳನ್ನು ಹೋಲಿಸಬೇಕು.

ಮಗನನ್ನು ಕೇಳಿದೆ, "ಮೂರು ತಿಂಗಳ ಹಿಂದೆ ಹೇಗಿದ್ದರು?"

"ಒಬ್ಬರೇ ಸ್ನಾನ ಮಾಡ್ತಿದ್ರು ಡಾಕ್ಟ್ರೇ. ಈಗ ಬಚ್ಚಲಿಗೆ ಹೋಗೋಕೂ ಇಬ್ಬರು ಹಿಡ್ಕೋಬೇಕು."

ಯಾವ ರಕ್ತ ಪರೀಕ್ಷೆಯೂ ನನಗೆ ಇದನ್ನು ಹೇಳಿರಲಿಲ್ಲ. ಪದೇ ಪದೇ ದಾಖಲಾಗುವುದು, ತೂಕ ಇಳಿಯುವುದು, ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ ಕಳೆಯುವುದು, ಇನ್ನೊಬ್ಬರ ಮೇಲೆ ಅವಲಂಬನೆ ಹೆಚ್ಚುವುದು. ಆರೋಗ್ಯ ಕುಸಿಯುತ್ತಿರುವವರನ್ನು ಗುರುತಿಸಲು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡ ಸ್ಪಿಕ್ಟ್ ಎಂಬ ಪಟ್ಟಿಯಲ್ಲಿ ಈ ಲಕ್ಷಣಗಳೆಲ್ಲ ಇವೆ. 'ಇವರು ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ?' ಅಂತ ಡಾಕ್ಟರ್ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಯೂ ಇದೆ. ಅದನ್ನು ಭವಿಷ್ಯ ಹೇಳಲು ನಾನು ಬಳಸುವುದಿಲ್ಲ. ವಯಸ್ಸಾದವರ ವಿಷಯದಲ್ಲಿ ಆ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. 'ಆಗಲ್ಲ' ಅಂತ ಉತ್ತರ ಬಂದರೆ ಸುಮ್ನೆ ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇನೆ, ಅಷ್ಟೇ.

ತಾತನ ಹತ್ತಿರ ಹಾಗೇ ಕೂತು ಕೇಳಿದೆ, "ಈಗ ಎಲ್ಲಕ್ಕಿಂತ ಜಾಸ್ತಿ ಕಷ್ಟ ಯಾವುದು?"

"ರಾತ್ರಿ. ಉಸಿರು ಸಿಗಲ್ಲ. ಕಣ್ಣು ಮುಚ್ಚಿದ್ರೆ ಮತ್ತೆ ಏಳ್ತೀನೋ ಇಲ್ವೋ ಅಂತ ಭಯ."

ನಾಲ್ಕು ಸಲ ಬಂದವರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೃದಯದ ಮಾತ್ರೆಗಳು ಹಾಗೇ ಮುಂದುವರಿದವು. ಜೊತೆಗೆ ಉಸಿರಿನ ಸಂಕಟಕ್ಕೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡಿಕೊಂಡು, ತೀರಾ ಸಣ್ಣ ಡೋಸ್ ಮಾರ್ಫಿನ್ ಶುರು ಮಾಡಿದೆವು. ಮುಖಕ್ಕೆ ಗಾಳಿ ಬೀಳುವ ಹಾಗೆ ಒಂದು ಪುಟ್ಟ ಫ್ಯಾನ್ ಕೈಗೆ ಕೊಟ್ಟೆವು. ಮುಖದ ಮೇಲೆ ಆಡುವ ಗಾಳಿ ಉಸಿರಿನ ಸಂಕಟವನ್ನು ನಿಜವಾಗಿಯೂ ತಗ್ಗಿಸುತ್ತದೆ.

ಮಾತಾಡಲಾಗದವರದ್ದು ಇನ್ನೂ ಕಷ್ಟ. ಮರೆವಿನ ಕಾಯಿಲೆ ಬಹಳ ಮುಂದುವರಿದಿದ್ದ ಅಜ್ಜಿಯೊಬ್ಬರಿಗೆ 'ಗಲಾಟೆ ಮಾಡ್ತಾರೆ' ಅಂತ ನಿದ್ದೆ ಔಷಧಿ ಬರೆದಿತ್ತು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ನನ್ನನ್ನು ಕರೆದು ತೋರಿಸಿದರು. ಎಡಕ್ಕೆ ಹೊರಳಿಸಿದಾಗ ಮಾತ್ರ ಅಜ್ಜಿಯ ಹುಬ್ಬು ಗಂಟಿಕ್ಕುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು. ಅದು ಗಲಾಟೆಯಲ್ಲ, ನೋವು. ಹೊತ್ತು ಹೊತ್ತಿಗೆ ತಪ್ಪದೆ ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಎರಡೇ ದಿನಕ್ಕೆ ಮುಷ್ಟಿ ಸಡಿಲವಾಯಿತು. ಆಮೇಲೆ ರೌಂಡ್ಸ್‌ಗೆ ಮುಂಚೆ ಸಿಸ್ಟರ್‌ಗಳ ಮಾತು ಕೇಳದೆ ನಾನು ಫೈಲ್ ತೆರೆದಿಲ್ಲ.

ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯ ಸಂಕಟ ತಗ್ಗಿಸುವ ಆರೈಕೆ, ಅಂದ ಕೂಡಲೇ ತಾತನ ಮಗ, "ಹಾಗಾದ್ರೆ ಕೈ ಬಿಟ್ರಾ?" ಅಂದರು. ಕ್ಯಾನ್ಸರ್‌ಗೆ ಮಾತ್ರ, ಅದೂ ಕೊನೇ ವಾರಕ್ಕೆ ಅಂತ ಅವರು ತಿಳಿದಿದ್ದರು. ಎಷ್ಟೋ ಡಾಕ್ಟರುಗಳೂ ಹಾಗೇ ತಿಳಿದಿದ್ದಾರೆ. "ಚಿಕಿತ್ಸೆ ನಿಲ್ಲಿಸ್ತಿಲ್ಲ. ರಾತ್ರಿಯ ಆ ಭಯಕ್ಕೂ ಚಿಕಿತ್ಸೆ ಕೊಡ್ತಿದ್ದೀವಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪನಿಗೆ ಮತ್ತೆ ಐಸಿಯು ಬೇಡವಂತೆ ಅಂತ ಮೊದಲ ಸಲ ಬಾಯಿಬಿಟ್ಟರು.

ಈಗ ನಾನು ಬರೆಯುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಸಾಲು ಜಾಸ್ತಿ ಇರುತ್ತವೆ. ಮೂರು ತಿಂಗಳ ಹಿಂದೆ ಇವರು ಏನೇನು ತಾವೇ ಮಾಡುತ್ತಿದ್ದರು, ಈಗ ಯಾವುದಕ್ಕೆ ಆಸರೆ ಬೇಕು. ಮುಂದಿನ ಸಲ ನೋಡುವ ಡಾಕ್ಟರಿಗೆ ಒಂದೇ ಹಾಳೆ ಸಿಕ್ಕರೂ ಅದು ಕಾಣಬೇಕು.