ನರ್ಸಿಂಗ್ ಸಂಖ್ಯಾಶಾಸ್ತ್ರ: ಮೊದಲು ಪ್ರಶ್ನೆ, ಆಮೇಲೆ ಸೂತ್ರ

ಬಿ.ಎಸ್ಸಿ. ನರ್ಸಿಂಗ್ ಓದುವವರಿಗೆ ರಕ್ತ ಕಂಡರೆ ಭಯವಿಲ್ಲ, ಸೂತ್ರದಲ್ಲಿನ ಸಿಗ್ಮಾ ಚಿಹ್ನೆ ಕಂಡರೆ ಭಯ. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಸಂಶೋಧನೆಯ ಭಾಗವನ್ನು ಉರುಹೊಡೆದು, ಲೆಕ್ಕದ ಭಾಗವನ್ನು ದೇವರ ಮೇಲೆ ಹಾಕಿ ಪರೀಕ್ಷೆಗೆ ಹೋಗುವವರೇ ಹೆಚ್ಚು. ವಿಚಿತ್ರವೆಂದರೆ ಇವರು ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪುವುದು ಕಡಿಮೆ. ತಪ್ಪುವುದು ಯಾವ ಟೆಸ್ಟ್ ಹಾಕಬೇಕೆಂಬಲ್ಲಿ.

ಮೊದಲ ಹಂತ ಸರಾಸರಿ, ಮಧ್ಯಾಂಕ, ಬಹುಲಕ. ಒಂದು ಸಂಜೆ ಸಾಕು. ಮಧ್ಯಾಂಕ ಹುಡುಕುವ ಮುನ್ನ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದುಕೊಳ್ಳಿ, ಅಷ್ಟೇ.

ಎರಡನೆಯದು ಮಾನಕ ವಿಚಲನೆ, ಅಂದರೆ ನೀವೆಲ್ಲ ಹೇಳುವ ಎಸ್.ಡಿ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ವಾರ್ಡಿನ ಜ್ವರದ ಚಾರ್ಟ್ ನೆನಪಿಸಿಕೊಳ್ಳಿ. ಒಬ್ಬ ರೋಗಿಯ ನಾಲ್ಕು ದಾಖಲೆಗಳು 98.4, 98.6, 98.6, 98.8. ಇನ್ನೊಬ್ಬರವು 96.8, 100.4, 97.0, 100.2. ಇಬ್ಬರ ಸರಾಸರಿಯೂ 98.6 ಡಿಗ್ರಿ ಫ್ಯಾರನ್‌ಹೀಟ್. ಸರಾಸರಿಯನ್ನಷ್ಟೇ ನೋಡಿದರೆ ಇಬ್ಬರೂ ಆರೋಗ್ಯವಂತರು! ಈಗ ಎರಡನೆಯವರ ಲೆಕ್ಕ ಮಾಡಿ. ಸರಾಸರಿಯಿಂದ ವ್ಯತ್ಯಾಸಗಳು –1.8, 1.8, –1.6, 1.6, ಕೂಡಿದರೆ ಸೊನ್ನೆ ಬರಲೇಬೇಕು, ಬರದಿದ್ದರೆ ಅಲ್ಲೇ ನಿಂತು ತಿದ್ದಿಕೊಳ್ಳಿ. ವರ್ಗಗಳ ಮೊತ್ತ 11.6. ಇದನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ, ವರ್ಗಮೂಲ ತೆಗೆದರೆ 1.97. ಮೊದಲನೆಯವರದು ಬರೀ 0.16. ಸ್ಯಾಂಪಲ್ ಆಗಿದ್ದರೆ ಭಾಜಕ ಎನ್ (ಅಂದರೆ ದಾಖಲೆಗಳ ಸಂಖ್ಯೆ) ಮೈನಸ್ ಒಂದು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಎರಡು ಉತ್ತರ ತೋರಿಸುವುದು ಇದಕ್ಕಾಗಿಯೇ. ಎಸ್ ಅಥವಾ ಎನ್ ಮೈನಸ್ ಒಂದು ಎಂದಿರುವುದನ್ನು ತೆಗೆದುಕೊಳ್ಳಿ. ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಮೊಬೈಲಿನಿಂದ ತೆಗೆದುಹಾಕಿ. ಅಂಕ ಸಿಗುವುದು ಕೋಷ್ಟಕಕ್ಕೆ, ಕೊನೆಯ ಸಂಖ್ಯೆಗೆ ಮಾತ್ರವಲ್ಲ.

ಮೂರನೆಯ ಹಂತದಲ್ಲೇ ಹೆಚ್ಚಿನವರು ಜಾರುವುದು. ಪ್ರಶ್ನೆ ಓದುತ್ತಿದ್ದಂತೆ ಕೈ ಸೂತ್ರದ ಕಡೆಗೆ ಓಡುತ್ತದೆ. ಪೆನ್ನು ಕೆಳಗಿಡಿ. ಎರಡೇ ಸಂಗತಿ ಕೇಳಿಕೊಳ್ಳಿ: ಕೈಯಲ್ಲಿರುವುದು ಅಳತೆಯೋ, ಎಣಿಕೆಯೋ? ಅಳತೆಯಾದರೆ, ಗುಂಪು ಒಂದೋ, ಎರಡೋ?

ನಮ್ಮ ಕಾಲೇಜುಗಳ ಪ್ರಾಜೆಕ್ಟುಗಳನ್ನೇ ತೆಗೆದುಕೊಳ್ಳಿ. ಆಯ್ದ ಗ್ರಾಮವೊಂದರ ತಾಯಂದಿರಿಗೆ ಎದೆಹಾಲಿನ ಬಗ್ಗೆ ಬೋಧನಾ ಕಾರ್ಯಕ್ರಮ ನಡೆಸಿ, ಅದರ ಪರಿಣಾಮವನ್ನು ಅಳೆಯುವುದು ಎಂದಿರುತ್ತದೆ. ಅದೇ 30 ತಾಯಂದಿರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಪ್ರಶ್ನಾವಳಿ. ಗುಂಪು ಒಂದೇ, ಅಂಕಗಳು ಜೋಡಿ. ಹಾಗಾಗಿ ಸರಾಸರಿಗಳನ್ನು ಹೋಲಿಸುವ ಪೇರ್ಡ್ ಟಿ ಟೆಸ್ಟ್; ಟೇಬಲ್ ನೋಡಲು ಬೇಕಾದ ಡಿಗ್ರಿ ಆಫ್ ಫ್ರೀಡಂ, 30 ಜೋಡಿಯಲ್ಲಿ ಒಂದು ಕಳೆದು, 29. ಮುಂಚಿನ ಅಂಕ, ನಂತರದ ಅಂಕ ಎಂದು ಎರಡು ಕಾಲಂ ಕಂಡ ಕೂಡಲೇ ಎರಡು ಗುಂಪೆಂದು ಭಾವಿಸಿ 58 ಬರೆಯುವವರು ಬೇಕಾದಷ್ಟು. ಬೋಧನೆ ಪಡೆದ 30 ಮಂದಿ, ಪಡೆಯದ ಬೇರೆಯೇ 30 ಮಂದಿ ಎಂದಿದ್ದರೆ ಮಾತ್ರ ಅನ್‌ಪೇರ್ಡ್ ಟಿ, ಆಗ 60ರಲ್ಲಿ ಎರಡು ಕಳೆದು 58. ಅದೇ ತಾಯಂದಿರ ಜ್ಞಾನದ ಅಂಕಕ್ಕೂ ಆಚರಣೆಯ ಅಂಕಕ್ಕೂ ಸಂಬಂಧ ಕೇಳಿದರೆ ಟಿ ಬೇಡವೇ ಬೇಡ, ಪಿಯರ್‌ಸನ್ ಸಹಸಂಬಂಧ.

ಎಣಿಕೆ ಬಂದರೆ ಕೈ-ಸ್ಕ್ವೇರ್. 60 ತಾಯಂದಿರಲ್ಲಿ ಹೈಸ್ಕೂಲ್ ಮುಗಿಸಿದವರು 30, ಮುಗಿಸದವರು 30. ಮೊದಲ ಗುಂಪಿನಲ್ಲಿ 20 ಮಂದಿಗೆ ಸಾಕಷ್ಟು ಜ್ಞಾನವಿದೆ, ಎರಡನೆಯದರಲ್ಲಿ 10 ಮಂದಿಗೆ. ಇದನ್ನು ಕೋಷ್ಟಕಕ್ಕೆ ಹಾಕಿದರೆ ನಾಲ್ಕು ಮನೆ (ಸೆಲ್). ಪ್ರತಿ ಮನೆಯ ನಿರೀಕ್ಷಿತ ಸಂಖ್ಯೆ ಎಂದರೆ ಅಡ್ಡಸಾಲಿನ ಮೊತ್ತವನ್ನು ಕಂಬಸಾಲಿನ ಮೊತ್ತದಿಂದ ಗುಣಿಸಿ ಒಟ್ಟು ಮೊತ್ತದಿಂದ ಭಾಗಿಸಿದ್ದು. ಇಲ್ಲಿ ನಾಲ್ಕೂ ಮನೆಗೆ 15. ವ್ಯತ್ಯಾಸ 5, ವರ್ಗ 25, ಅದನ್ನು 15ರಿಂದ ಭಾಗಿಸಿದರೆ 1.67, ನಾಲ್ಕು ಮನೆಗಳದ್ದು ಕೂಡಿದರೆ 6.67. ಡಿಗ್ರಿ ಆಫ್ ಫ್ರೀಡಂ ಒಂದು, 0.05ರ ಮಟ್ಟದಲ್ಲಿ ಟೇಬಲ್ ಬೆಲೆ 3.84. ನಮ್ಮದು ದೊಡ್ಡದು, ಆದ್ದರಿಂದ ಶೂನ್ಯ ಕಲ್ಪನೆಯನ್ನು, ಅಂದರೆ ಸಂಬಂಧವೇ ಇಲ್ಲ ಎಂಬ ಊಹೆಯನ್ನು, ತಿರಸ್ಕರಿಸಿ. ಶಿಕ್ಷಣಕ್ಕೂ ಜ್ಞಾನಕ್ಕೂ ಸಂಬಂಧವಿದೆ ಎಂದು ಬರೆದು ನಿಲ್ಲಿಸಿ. ಶಿಕ್ಷಣವೇ ಕಾರಣ ಎಂದು ಸೇರಿಸಿದಿರೋ, ಕೈ-ಸ್ಕ್ವೇರ್ ಹೇಳದ್ದನ್ನು ನೀವು ಹೇಳಿದಂತಾಯಿತು. ಶೇಕಡಾವಾರನ್ನು ಈ ಕೋಷ್ಟಕಕ್ಕೆ ಎಂದೂ ತುಂಬಬೇಡಿ, ತಲೆ ಎಣಿಕೆಯೇ ಬೇಕು. ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಫಿಷರ್ ಟೆಸ್ಟಿನ ಹೆಸರು ಹೇಳಿ.

ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಪುಸ್ತಿಕೆಗಳ ಬಗ್ಗೆ ಒಂದು ಮಾತು. ನನ್ನ ಕೈಗೆ ಬಂದವುಗಳಲ್ಲಿ ವರ್ಗಮೂಲದ ಚಿಹ್ನೆಯೇ ಅಳಿಸಿಹೋದ ಸೂತ್ರಗಳಿವೆ, ಪ್ರತಿಯ ಪ್ರತಿ ತೆಗೆದ ಪರಿಣಾಮ. ಹಳೆಯ ಪ್ರಶ್ನೆಪತ್ರಿಕೆ ತಂದುಕೊಳ್ಳಿ, ಆದರೆ ಬಿಡಿಸಬೇಡಿ: ಪ್ರತಿ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಿಂದ ಟೆಸ್ಟಿನ ಹೆಸರು, ಡಿಗ್ರಿ ಆಫ್ ಫ್ರೀಡಂ ಮಾತ್ರ ಬರೆಯಿರಿ. ಹೀಗೆ ಇಪ್ಪತ್ತು ಲೆಕ್ಕ ನೋಡುವುದು, ಎರಡನ್ನು ಪೂರ್ತಿ ಮಾಡುವುದಕ್ಕಿಂತ ಮೇಲು.

ಉಳಿದದ್ದು ಪಿ-ವ್ಯಾಲ್ಯೂ. ಪಿ 0.03 ಎಂದರೆ ಶೂನ್ಯ ಕಲ್ಪನೆ ನಿಜವಾಗಿರುವ ಸಾಧ್ಯತೆ ಶೇ 3 ಎಂದಲ್ಲ. ಶೂನ್ಯ ಕಲ್ಪನೆ ನಿಜವೇ ಆಗಿದ್ದರೂ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಸಿಗುವ ಸಾಧ್ಯತೆ ಶೇ 3 ಎಂದು. ಎರಡು ಅಂಕದ ಪ್ರಶ್ನೆಯಾಗಿ ಬಂದರೆ ಈ ವಾಕ್ಯವನ್ನೇ ಬರೆಯಿರಿ. ಪಿ 0.05ಕ್ಕಿಂತ ಹೆಚ್ಚಾದಾಗ ‘ಶೂನ್ಯ ಕಲ್ಪನೆ ಸಾಬೀತಾಯಿತು’ ಎನ್ನಬೇಡಿ. ತಿರಸ್ಕರಿಸಲು ಸಾಕಷ್ಟು ಆಧಾರ ಸಿಗಲಿಲ್ಲ ಎನ್ನಿ.

ಪರೀಕ್ಷೆಯ ದಿನ ಲೆಕ್ಕಗಳನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ತಲೆ ಹಗುರವಾಗಿರುವಾಗಲೇ ಕೋಷ್ಟಕ ಹಾಕಿ, ಸ್ಕೇಲ್ ಇಟ್ಟು ಗೆರೆ ಎಳೆಯಿರಿ, ಸಂಶೋಧನೆಯ ಪ್ರಬಂಧಗಳನ್ನು ಆಮೇಲೆ ಬರೆಯಿರಿ. ಯಾವ ಕ್ಯಾಲ್ಕುಲೇಟರ್ ಒಳಗೆ ಬಿಡುತ್ತಾರೆಂದು ಒಂದು ವಾರ ಮೊದಲೇ ಕೇಳಿ, ಅದರಲ್ಲೇ ಅಭ್ಯಾಸ ಮಾಡಿ; ಗೆಳತಿಯದನ್ನು ಎರವಲು ತಂದರೆ ಎಸ್.ಡಿ. ಬಟನ್ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.