ನೀರಿನ ಮಟ್ಟ ನೋಡಿ ದಿನ ಗೊತ್ತುಮಾಡಿದೆ: ಶ್ರೀರಂಗಪಟ್ಟಣ ಮತ್ತು ಕನ್ನಂಬಾಡಿಗೆ ಒಂದು ಕಾರು ಪ್ರಯಾಣ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೂ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಗೂ ವಾರಾಂತ್ಯದಲ್ಲಿ ಹೋಗಿಬರುವವರು ಸಾಮಾನ್ಯವಾಗಿ ರಜೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ದಿನವನ್ನು ಗೊತ್ತುಮಾಡುತ್ತಾರೆ. ನಾನು ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ಅಲ್ಲಿ ಏನು ಕಾಣುತ್ತದೆ, ಯಾವುದು ಮುಚ್ಚಿರುತ್ತದೆ, ಎಲ್ಲಿ ನೀರಿಗೆ ಇಳಿಯಬಹುದು ಎಂಬುದೆಲ್ಲ ಅಣೆಕಟ್ಟೆಯಿಂದ ಆ ವಾರ ಎಷ್ಟು ನೀರು ಹೊರಬರುತ್ತಿದೆ ಎಂಬುದರ ಮೇಲೆ ನಿಂತಿದೆ.

ಮಟ್ಟ, ಒಳಹರಿವು, ಹೊರಹರಿವುಗಳ ಅಂಕಿಗಳು ಮಳೆಗಾಲದಲ್ಲಿ ಪ್ರತಿದಿನವೂ ಪತ್ರಿಕೆಗಳಲ್ಲಿ ಬರುತ್ತವೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಂಗ್ರಹ 49.452 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅಡಿಯ ಲೆಕ್ಕವನ್ನು ಮಾತ್ರ ನೋಡಿದರೆ ಅಂದಾಜು ತಪ್ಪುತ್ತದೆ. ಮೇಲಕ್ಕೆ ಹೋದಂತೆ ಜಲಾಶಯ ಅಗಲವಾಗುವುದರಿಂದ, ಮಟ್ಟ 100 ಅಡಿಗೆ ಇಳಿದಾಗ ಉಳಿದಿರುವ ನೀರು ಪೂರ್ಣ ಸಂಗ್ರಹದ ಅರ್ಧಕ್ಕಿಂತಲೂ ಕಡಿಮೆ. ತುಂಬುವ ಕಾಲವೂ ಒಂದೇ ಸಮನಾಗಿರುವುದಿಲ್ಲ. 2023ರಲ್ಲಿ ಜಲಾಶಯ ಭರ್ತಿಯಾಗಲೇ ಇಲ್ಲ; 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ಆದ್ದರಿಂದ ಎರಡು ತಿಂಗಳು ಮುಂಚಿತವಾಗಿ ಕೊಠಡಿ ಕಾಯ್ದಿರಿಸುವಾಗ, ಹಣ ಕಳೆದುಕೊಳ್ಳದೆ ದಿನ ಬದಲಿಸಲು ಅವಕಾಶವಿರುವ ಕಡೆಯನ್ನೇ ನಾನು ಆರಿಸಿಕೊಳ್ಳುತ್ತೇನೆ.

ಶ್ರೀರಂಗಪಟ್ಟಣದ ಮಟ್ಟಿಗೆ ಕೃಷ್ಣರಾಜಸಾಗರದ ಹೊರಹರಿವೊಂದನ್ನು ನೋಡಿದರೆ ಬಹುಪಾಲು ಸಾಕು. ಕಬಿನಿ ಕಾವೇರಿಯನ್ನು ಸೇರುವುದು ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಹೇಮಾವತಿ ಮತ್ತು ಲಕ್ಷ್ಮಣತೀರ್ಥಗಳ ನೀರು ಜಲಾಶಯದೊಳಗೇ ಬಂದಿರುತ್ತದೆ. ಕಟ್ಟೆಯಿಂದ ಬಿಟ್ಟ ನೀರು ಪಟ್ಟಣವನ್ನು ಮುಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಅಂಕಿಗಳನ್ನು ಮತ್ತೊಮ್ಮೆ ನೋಡದೆ ನಾನು ಹೊರಡುವುದಿಲ್ಲ. ಹೊರಹರಿವು ಏರಿದಾಗ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ವಿಹಾರ ನಿಲ್ಲುತ್ತದೆ, ಶ್ರೀರಂಗಪಟ್ಟಣದ ಸಂಗಮದಲ್ಲಿಯೂ ನಿಮಿಷಾಂಬ ದೇವಾಲಯದ ಎದುರಿನ ಮೆಟ್ಟಿಲುಗಳಲ್ಲಿಯೂ ಸ್ನಾನಕ್ಕೆ ತಡೆ ಬೀಳುತ್ತದೆ. ಮಹಾಪೂರ ಬಂದರೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಬಳಿಗೂ ಬಿಡುವುದಿಲ್ಲ. ಗೇಟುಗಳಿಂದ ಧುಮ್ಮಿಕ್ಕುವ ನೀರನ್ನು ನೋಡಬೇಕೆನ್ನುವವರಿಗೆ ಅದೇ ಸರಿಯಾದ ಸಮಯ, ಆದರೆ ಹಕ್ಕಿಗಳನ್ನೂ ಅದೇ ಪ್ರಯಾಣದಲ್ಲಿ ನೋಡುವ ಆಸೆಯನ್ನು ಬಿಡಬೇಕಾಗುತ್ತದೆ. ಮಕ್ಕಳು ಮತ್ತು ಹಿರಿಯರು ಜೊತೆಗಿದ್ದುದರಿಂದ ನಾನು ಆರಿಸಿಕೊಂಡದ್ದು ಮಳೆ ಹಿಂದೆ ಸರಿದು, ಜಲಾಶಯ ಇನ್ನೂ ತುಂಬಿಕೊಂಡೇ ಇದ್ದು, ಹೊರಹರಿವು ತಗ್ಗಿದ ವಾರವನ್ನು.

ಸ್ವಂತ ಕಾರಿಲ್ಲದ ಕಾರಣ ಸೆಲ್ಫ್ ಡ್ರೈವ್ ಕಾರನ್ನು ಬಾಡಿಗೆಗೆ ಪಡೆದೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನು ಮೊದಲು ನೋಡಿದೆ; ಸ್ವತಃ ಓಡಿಸಿಕೊಂಡು ಹೋಗಲು ಬಾಡಿಗೆಗೆ ಕೊಡುವ ಪರವಾನಗಿ ಪಡೆದ ವಾಹನದ ಗುರುತು ಅದು. ಬಿಳಿ ಫಲಕದ ಕಾರು ಅಗ್ಗಕ್ಕೆ ಸಿಗುತ್ತದೆಂದು ತೆಗೆದುಕೊಂಡರೆ ತಪಾಸಣೆಯಲ್ಲಿಯೂ, ಅಪಘಾತವಾದರೆ ವಿಮೆಯ ವಿಷಯದಲ್ಲಿಯೂ ತೊಡಕಿಗೆ ಸಿಲುಕುವ ಸಂಭವವಿದೆ. ಕಾರನ್ನು ಪಡೆಯುವಾಗ ಸುತ್ತಲೂ ಒಂದು ವಿಡಿಯೋ ತೆಗೆದು, ಇಂಧನದ ಮುಳ್ಳು ಮತ್ತು ಓಡಿದ ಕಿಲೋಮೀಟರ್ ಕಾಣುವಂತೆ ಚಿತ್ರ ತೆಗೆದಿಟ್ಟೆ. ಹಿಂದೊಮ್ಮೆ ಹಳೆಯ ಗೀರೊಂದಕ್ಕೆ ನನ್ನಿಂದ ಹಣ ಕೇಳಿದವರಿದ್ದಾರೆ, ಆಗ ವಾದವನ್ನು ಮುಗಿಸಿದ್ದು ಇಂಥದೇ ವಿಡಿಯೋ. ಫಾಸ್ಟ್ಯಾಗ್ ಖಾತೆಗೆ ಹಣ ತುಂಬಿಸಬೇಕಾದವರು ಯಾರೆಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಬೇಕು. ಶ್ರೀರಂಗಪಟ್ಟಣಕ್ಕೆ ಸುಮಾರು 125 ಕಿಲೋಮೀಟರ್, ಅಲ್ಲಿಂದ ಕಟ್ಟೆಗೆ ಮತ್ತೆ ಸುಮಾರು 20. ಹೋಗಿಬರುವುದಕ್ಕೇ ಸುಮಾರು 300 ಆಗುವುದರಿಂದ, ಸುತ್ತಾಟವನ್ನೂ ಸೇರಿಸಿ ಅದಕ್ಕಿಂತ ಧಾರಾಳವಾದ ಮಿತಿಯಿರುವ ಪ್ಯಾಕೇಜನ್ನು ತೆಗೆದುಕೊಂಡೆ.

ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ 119 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಮುಖ್ಯ ಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ದ್ವಿಚಕ್ರ ವಾಹನದಲ್ಲಿ ಬರುವ ಗೆಳೆಯರೊಂದಿಗೆ ಹೊರಡುವವರು ಸರ್ವೀಸ್ ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ತಿಂಡಿಗಾಗಲಿ ಪೆಟ್ರೋಲ್ ಬಂಕಿಗಾಗಲಿ ಎಲ್ಲಿ ಇಳಿಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಳಿಯುವ ಜಾಗ ತಪ್ಪಿದರೆ ಮುಂದಿನದು ದೂರವಿರುತ್ತದೆ. ಶ್ರೀರಂಗಪಟ್ಟಣಕ್ಕೂ ಬೈಪಾಸ್ ಇರುವುದರಿಂದ ಅಲ್ಲಿ ತಿರುವು ತಪ್ಪಿದವರು ಮೈಸೂರಿನ ಕಡೆಗೆ ಹೊರಟುಬಿಡುತ್ತಾರೆ. ವೇಗವನ್ನು ಕ್ಯಾಮೆರಾಗಳು ದಾಖಲಿಸುತ್ತವೆ, ಬಾಡಿಗೆ ಕಾರಿನ ದಂಡ ಕಾರು ಒಪ್ಪಿಸಿದ ಮೇಲೂ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ಮೊದಲ ದಿನದ ಬೆಳಿಗ್ಗೆಯನ್ನು ರಂಗನಾಥಸ್ವಾಮಿ ದೇವಾಲಯ ಮತ್ತು ಕೋಟೆಗೆ, ಬಿಸಿಲೇರಿದ ಮೇಲಿನ ಹೊತ್ತನ್ನು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆಗೆ ಕೊಟ್ಟೆ. ಅದರ ಗೋಡೆಗಳ ಮೇಲಿನ, ಬ್ರಿಟಿಷರ ವಿರುದ್ಧ ನಡೆದ ಪೊಳ್ಳಿಲೂರು ಕದನದ ಚಿತ್ರಗಳನ್ನು ನೆರಳಿನಲ್ಲಿ ನಿಂತು ಸಾವಕಾಶವಾಗಿ ನೋಡಬಹುದು. ರಂಗನತಿಟ್ಟನ್ನು ಮರುದಿನದ ಬೆಳಗಿಗೆ ಇಟ್ಟುಕೊಂಡೆ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ನಡುಗಡ್ಡೆಗಳ ಸುತ್ತ ದೋಣಿಯಲ್ಲಿ ಹೋಗಲು, ಭಾನುವಾರದ ಜನ ಸೇರುವ ಮೊದಲಿನ ಹೊತ್ತು ವಾಸಿ.

ಹೆಚ್ಚು ಯೋಚಿಸಿದ್ದು ಕನ್ನಂಬಾಡಿಯ ಬಗ್ಗೆ. ಜಲಾಶಯವನ್ನು ನೋಡಲೆಂದು ಹೋದವರಲ್ಲಿ ಬಹಳ ಮಂದಿ ನೋಡಿ ಬರುವುದು ಬೃಂದಾವನ ಉದ್ಯಾನವನ್ನು ಮಾತ್ರ. ಉದ್ಯಾನವಿರುವುದು ಕಟ್ಟೆಯ ಕೆಳಗೆ, ಕಟ್ಟೆಯ ಮೇಲಿನ ರಸ್ತೆಯಲ್ಲಿ ಸಾರ್ವಜನಿಕರು ಓಡಾಡುವಂತಿಲ್ಲ. 1911ರಲ್ಲಿ ಕೆಲಸ ಆರಂಭವಾಗಿ, ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಎದ್ದು ನಿಂತ ಕಲ್ಲುಗೋಡೆಯನ್ನು ಕೆಳಗಿನಿಂದ ತಲೆಯೆತ್ತಿ ನೋಡುವುದಕ್ಕೂ ಒಂದು ಗಾಂಭೀರ್ಯವಿದೆ, ನಿಜ. ಆದರೆ ನೀರಿನ ಹರವನ್ನು ಕಾಣಬೇಕಿದ್ದರೆ ಹಿನ್ನೀರಿನ ದಡಕ್ಕೇ ಹೋಗಬೇಕು. ಜಲಾಶಯದಲ್ಲಿ ಮುಳುಗಿದ್ದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಅದರ ಹಿಂದೆಯೇ ಹಿನ್ನೀರು ಹರಡಿಕೊಂಡಿದೆ. ನಮ್ಮ ಮನೆಯ ಹಿರಿಯರಿಗೆ ಸಂಗೀತ ಕಾರಂಜಿಗಿಂತಲೂ ಹಿಡಿಸಿದ್ದು ಈ ಜಾಗವೇ. ಮಧ್ಯಾಹ್ನದ ನಂತರ ಮೊದಲು ಅಲ್ಲಿಗೆ ಹೋಗಿ, ಹೊತ್ತು ಮುಳುಗುವ ವೇಳೆಗೆ ಬೃಂದಾವನವನ್ನು ತಲುಪುವಂತೆ ಕ್ರಮವನ್ನು ಹೊಂದಿಸಿಕೊಂಡೆ. ಕಾರಂಜಿ ಮುಗಿದ ಕೂಡಲೇ ವಾಹನಗಳೆಲ್ಲ ಒಟ್ಟಿಗೆ ಹೊರಡುವುದರಿಂದ ಇರುಳು ಬೆಂಗಳೂರಿಗೆ ಮರಳುವ ಯೋಚನೆಯನ್ನು ಕೈಬಿಟ್ಟು, ತಂಗಲು ಶ್ರೀರಂಗಪಟ್ಟಣದಲ್ಲಿಯೇ ಏರ್ಪಾಡು ಮಾಡಿದ್ದೆ.

ಬಲಮುರಿಯನ್ನು ಪಟ್ಟಿಯಿಂದ ಬಿಟ್ಟದ್ದು ಬೇಕೆಂದೇ. ಅಲ್ಲಿ ಕಾವೇರಿಗೆ ಅಡ್ಡಲಾಗಿರುವ ಒಡ್ಡಿನ ಮೇಲಿಂದ ಹರಿಯುವ ನೀರು ಆಳವಿಲ್ಲದಂತೆ ಕಂಡರೂ ಅಲ್ಲಿ ಮುಳುಗಿ ಸತ್ತವರಿದ್ದಾರೆ, ಮಕ್ಕಳನ್ನು ದಡದಲ್ಲಿ ಹಿಡಿದು ನಿಲ್ಲಿಸುವುದು ನನ್ನಿಂದ ಆಗದ ಕೆಲಸ. ಬದಲಿಗೆ ಎರಡನೆಯ ದಿನ ಕರಿಘಟ್ಟವನ್ನು ಹತ್ತಿದೆವು. ಕಾವೇರಿಯ ಎರಡು ಕವಲುಗಳ ನಡುವೆ ಪಟ್ಟಣ ಹೇಗೆ ಕುಳಿತಿದೆ ಎಂಬುದು ಅಲ್ಲಿಂದ ತಿಳಿಯುತ್ತದೆ, ಬೆಟ್ಟದ ಮೇಲಿನವರೆಗೂ ಕಾರು ಹೋಗುತ್ತದೆ. ಭಾನುವಾರ ಸಂಜೆ ಬೆಂಗಳೂರಿನ ತುದಿಯಲ್ಲಿ ವಾಹನಗಳು ಕಟ್ಟಿಕೊಳ್ಳುವುದರಿಂದ ಊಟ ಮುಗಿಸಿದೊಡನೆ ಹೊರಟೆವು. ಕಾರು ಒಪ್ಪಿಸುವ ಸಮಯವನ್ನು ಅಂದಾಜಿಗಿಂತ ಮೂರು ಗಂಟೆ ತಡವಾಗಿ ನಮೂದಿಸಿದ್ದೆ. ಅದಕ್ಕೆ ತೆತ್ತ ಹೆಚ್ಚುವರಿ ಬಾಡಿಗೆ, ತಡವಾದರೆ ಬೀಳುತ್ತಿದ್ದ ದಂಡಕ್ಕಿಂತ ಕಡಿಮೆಯೇ ಇತ್ತು.