ಬೆಂಚ್‌ಮಾರ್ಕ್ ಓಡಿಸುವ ಮುಂಚೆ ಕರ್ನಲ್ ಒಳಗೆ ಇಣುಕಿ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ದಿನ ಕೂತು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ 'ಕರೆಂಟ್' ಆವೃತ್ತಿಗೆ ಬೆಂಚ್‌ಮಾರ್ಕ್, ಅಂದರೆ ವೇಗದ ಪರೀಕ್ಷೆ, ಓಡಿಸಿ ಲಿನಕ್ಸ್ ಜೊತೆ ಹೋಲಿಸಿದೆ. ಫ್ರೀಬಿಎಸ್‌ಡಿ ತುಂಬಾ ಹಿಂದೆ ಬಿತ್ತು. ಪಕ್ಕದ ಸೀಟಿನ ಬೆಳಗಾವಿಯ ಅಕ್ಕ ಒಂದೇ ಮಾತು ಕೇಳಿದರು: "ವಿಟ್ನೆಸ್ ತಗದಿಯೇನಪಾ?" ತೆಗೆದಿರಲಿಲ್ಲ.

ಕರೆಂಟ್ ಅಂದರೆ ಇನ್ನೂ ಬೆಳೆಯುತ್ತಿರುವ ಶಾಖೆ. ತಪ್ಪು ಬೇಗ ಸಿಗಲಿ ಎಂದು ಅದರ ಜೆನೆರಿಕ್ ಕರ್ನಲ್‌ನಲ್ಲಿ (ಜೊತೆಗೇ ಬರುವ ಮಾಮೂಲಿ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು) ವಿಟ್ನೆಸ್, ಇನ್‌ವೇರಿಯಂಟ್ಸ್ ಎಂಬ ಎರಡು ತಪಾಸಣೆಗಳನ್ನೂ ಆನ್ ಇಟ್ಟಿರುತ್ತಾರೆ. ಒಂದೇ ಡೇಟಾವನ್ನು ಎರಡು ಕೆಲಸಗಳು ಒಟ್ಟಿಗೆ ಕೆಡಿಸದಂತೆ ಕರ್ನಲ್ ಹಾಕುವ ಬೀಗವೇ ಲಾಕ್; ಅದನ್ನು ಹಿಡಿಯುವಾಗೆಲ್ಲ ಕ್ರಮ ಸರಿಯಿದೆಯಾ ಎಂದು ವಿಟ್ನೆಸ್ ನೋಡುತ್ತದೆ. ಹಾಗಾಗಿ ಲಾಕ್ ಜಾಸ್ತಿ ಬಳಸುವ ನೆಟ್‌ವರ್ಕ್, ಫೈಲ್ ಸಿಸ್ಟಮ್ ಕೆಲಸಕ್ಕೆ ಪೆಟ್ಟು ಜೋರು. ಸುಮ್ನೆ ಲೆಕ್ಕ ಮಾಡುವ ಪ್ರೋಗ್ರಾಂಗೆ ಅಷ್ಟು ತಾಗುವುದಿಲ್ಲ. ಅದೊಂದನ್ನೇ ಓಡಿಸಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ.

ಮೊದಲು ಈ ತಪಾಸಣೆಗಳಿಲ್ಲದ ಜೆನೆರಿಕ್-ನೋಡಿಬಗ್ ಎಂಬ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್‌ಗಳ ಪಟ್ಟಿ) ಕರ್ನಲ್ ಬಿಲ್ಡ್ ಮಾಡಿ. ರೀಬೂಟ್ ಆದ ಮೇಲೆ 'ಯುನೇಮ್ -ಐ' (uname -i) ಕಮಾಂಡ್ ಕೊಟ್ಟು ಓಡುತ್ತಿರುವ ಕರ್ನಲ್‌ನ ಹೆಸರು ನೋಡಿಕೊಳ್ಳಿ. ಇದನ್ನು ಮರೆತರೆ ಹಳೆಯ ಕರ್ನಲ್ಲನ್ನೇ ಅಳೆಯುತ್ತೀರಿ!

ಲಿನಕ್ಸ್‌ನಲ್ಲಾದರೆ ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲಲ್ಲಿ ಕೆಸಾನ್ (KASAN, ಮೆಮೊರಿ ತಪ್ಪು ಹಿಡಿಯುವುದು), ಪ್ರೂವ್ ಲಾಕಿಂಗ್ (PROVE_LOCKING, ಲಾಕ್ ಕ್ರಮ ನೋಡುವುದು) ಆನ್ ಇವೆಯಾ ಎಂದು ಹುಡುಕಿ. ಕೆಸಾನ್‌ನ ಜೆನೆರಿಕ್ ಎಂಬ ಬಗೆ ಕರ್ನಲ್ ಮೆಮೊರಿಯ 8ರಲ್ಲಿ 1 ಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ. ಸಣ್ಣ ಮಷಿನ್‌ಗೆ ಅದೇ ದೊಡ್ಡ ಭಾರ, ಅಲ್ವಾ?

ಅಂಕಿಗಳನ್ನು ಬೇರೆಯವರಿಗೆ ಕೊಡುವಾಗ ಕಾನ್ಫಿಗ್ ಫೈಲನ್ನೂ ಜೊತೆಗೇ ಕೊಡಿ.